ಕ್ರಾಸಿಂಗಿನ ಸಂಸಾರ

ಅಡುಗೆಮನೆಯ ಕಿಟಕಿ ಪಕ್ಕದಿಂದ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಮಂಡಿನೋವು ಹೇಗಿದೆ? ಮೊಮ್ಮಗಳನ್ನು ಇಡೀ ದಿನ ಎತ್ತಿಕೊಂಡೇ ಓಡಾಡುತ್ತೀರೆಂದು ನಾದಿನಿ ಹೇಳಿದಳು. ಸ್ವಲ್ಪ ಕೆಳಗಿಳಿಸಿ, ಮಗು ಎಲ್ಲಿಗೂ ಓಡಿಹೋಗುವುದಿಲ್ಲ. ಫೋನ್ ಮಾಡಿದರೆ ಅದರ ಅಳುವಿನಲ್ಲಿ ನಿಮಗೆ ನನ್ನ ಮಾತು ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮಗ ಒಳಗೆ ಮಲಗಿದ್ದಾರೆ. ಗೊರಕೆ ಇಲ್ಲಿಯವರೆಗೆ ಬರುತ್ತಿದೆ.

ಇವರ ಜೊತೆ ನನಗೆ ಸಾಕುಸಾಕಾಗಿದೆ ಅತ್ತೆ. ನೀವು ಹೋದ ಮೇಲೆ ನಮ್ಮ ಸಂಸಾರವೆಲ್ಲ ರೈಲಿನಲ್ಲೇ. ನಾನು ಬೆಳಿಗ್ಗೆ ಕನ್ನಡಕದ ಅಂಗಡಿಗೆಂದು ನಗರಕ್ಕೆ ಹೊರಟರೆ ಇವರು ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಕಡಲ ಕಡೆಗೆ, ಮನೆಗೆ ಬರುತ್ತಿರುತ್ತಾರೆ. ಸಂಜೆ ಇದೇ ಉಲ್ಟಾ. ವಾರದ ರಜೆಯೂ ಇಬ್ಬರಿಗೂ ಬೇರೆ ಬೇರೆ ದಿನ. ಇರುವುದು ಒಂದೇ ಲೈನು, ಹಾಗಾಗಿ ನಡುವಿನ ಪುಟ್ಟ ಸ್ಟೇಷನ್ನಿನಲ್ಲಿ ಒಂದು ಗಾಡಿ ಇನ್ನೊಂದಕ್ಕೆ ಕಾಯಬೇಕು. ಅಲ್ಲಿ ಹತ್ತುವವರಿಲ್ಲ, ಇಳಿಯುವವರಿಲ್ಲ, ಕ್ರಾಸಿಂಗಿಗೆಂದೇ ನಿಲ್ಲುವುದು. ಎರಡು ಗಾಡಿ ಅಕ್ಕಪಕ್ಕ ನಿಂತಾಗ, ಕಿಟಕಿಯಿಂದ ಕಿಟಕಿಗೆ, ಸಿಗ್ನಲ್ ಬೀಳುವುದರೊಳಗೆ ಗಂಡ ಹೆಂಡತಿ ಮಾತಾಡಬೇಕು, ಜಗಳ ಆಡಬೇಕು, ರಾಜಿಯೂ ಆಗಬೇಕು.

ಅದೂ ಎರಡು ಬೋಗಿಯ ಜನರ ಮುಂದೆ. ನಮ್ಮ ಬೋಗಿಯ ಬ್ಯಾಂಕಿನಮ್ಮ ಕ್ರಾಸಿಂಗ್ ಬರುತ್ತಲೇ ಕಿಟಕಿಯ ಸೀಟು ಬಿಟ್ಟುಕೊಡುತ್ತಾರೆ. ಪುಣ್ಯಾತ್ಗಿತ್ತಿ, ಆದರೆ ಪಕ್ಕದಲ್ಲೇ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಮೊನ್ನೆ ನಾನು ರೇಗುತ್ತಿದ್ದರೆ, ‘ಬೇಗ ಬೈದು ಮುಗಿಸಮ್ಮ, ಗಾಡಿ ಹೊರಡುತ್ತೆ’ ಅಂದರು. ಇವರ ಪಕ್ಕ ಕೂರುವ ಟೈಲರ್ ಇನ್ನೂ ಒಂದು ಹೆಜ್ಜೆ ಮುಂದೆ. ಬಚ್ಚಲಿನ ನಲ್ಲಿ ಸೋರುತ್ತಿದೆ, ಸರಿ ಮಾಡಿಸಿ ಎಂದು ನಾನು ಇವರಿಗೆ ಹೇಳಿದರೆ, ‘ವಾಷರ್ ಹೋಗಿರಬೇಕು’ ಎಂದು ಉತ್ತರ ಅವನದು. ನಿಮ್ಮ ಮಗ ಮಾತ್ರ ಕಂಬಿಗಳ ನಡುವೆ ಕೈ ಹೊರಗೆ ಚಾಚಿ, ನಗುತ್ತಾ, ‘ಊಟ ಆಯ್ತಾ?’ ಅನ್ನುತ್ತಾರೆ. ಸಂಜೆ ಹೊತ್ತು ಯಾವ ಊಟ? ಸಿಗುವುದೇ ಚೂರು ಹೊತ್ತು, ಅದರಲ್ಲಿ ಕೇಳುವುದು ಇದನ್ನೇ. ಅಂಗಡಿಯಲ್ಲಿ ದಿನವಿಡೀ ಬೇರೆಯವರ ಕಣ್ಣು ಪರೀಕ್ಷೆ ಮಾಡುವವಳು ನಾನು. ಮನೆಯವರ ಮುಖವನ್ನು ನೆಟ್ಟಗೆ ನೋಡಿ ಎಷ್ಟು ದಿನವಾಯಿತೋ.

ಈಗ ಕಾರ್ಖಾನೆಯಲ್ಲಿ ಹಗಲು ಪಾಳಿಯವನೊಬ್ಬ ಕೆಲಸ ಬಿಟ್ಟಿದ್ದಾನೆ. ಆ ಜಾಗ ಇನ್ನೂ ಖಾಲಿ ಇದೆ. ಇವರು ಹೋಗಿ ಮೇಸ್ತ್ರಿಯನ್ನು ಕೇಳಿದರೆ ಸಾಕು, ಅವನು ಇಲ್ಲ ಅನ್ನುವುದಿಲ್ಲ. ಕೇಳಲೊಲ್ಲರು. ‘ದಿನಾ ಎರಡು ಸಲ ನೋಡ್ತೀವಲ್ಲ, ಇನ್ನೇನು?’ ಇದು ಇವರ ವಾದ. ಅತ್ತೆ, ಇದಕ್ಕೆ ತಲೆ ಚಚ್ಚಿಕೊಳ್ಳಲೋ, ನಗಲೋ? ಅತ್ತ ಎರಡನೇ ಲೈನು ಹಾಕಿ ಮುಗಿಸಿದ್ದಾರೆ. ಮುಂದಿನ ತಿಂಗಳಿಂದ ಯಾವ ಗಾಡಿಯೂ ಯಾವುದಕ್ಕೂ ಕಾಯಬೇಕಾಗಿಲ್ಲವಂತೆ. ಬೋಗಿಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ, ಮನೆ ಬೇಗ ಸೇರಬಹುದಲ್ಲ. ಬ್ಯಾಂಕಿನಮ್ಮ ಮಾತ್ರ ನನ್ನ ಮುಖ ನೋಡಿದರು. ಬೇಗ ಮನೆಗೆ ಬಂದು ನಾನು ಯಾರ ಮುಖ ನೋಡಲಿ?

ಇರಲಿ, ನಿಮಗೆ ತಲೆಬಿಸಿ ಮಾಡಬಾರದು ಅಂದುಕೊಂಡೇ ಇಷ್ಟು ಬರೆದೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನಾದಿನಿಗೆ, ಅವಳ ಯಜಮಾನರಿಗೆ ನಾನು ಕೇಳಿದೆನೆಂದು ಹೇಳಿ. ಮಗುವಿಗೆ ಒಂದು ಮುತ್ತು, ನಿಮಗೆ ನಮಸ್ಕಾರ.

ನಿಮ್ಮ ಬಾಯಿಬಡುಕಿ ಸೊಸೆ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಇವರು ಮಗ್ಗುಲು ಬದಲಿಸಿದ ಸದ್ದಾಯಿತು, ಬೇಗ ಬರೆದುಬಿಡುತ್ತೇನೆ. ನಿನ್ನೆ ಸಂಜೆ ಹೊಸ ಲೈನಿನ ಪರೀಕ್ಷೆಗೆಂದು ನಮ್ಮ ಗಾಡಿಯನ್ನು ನಿಲ್ಲಿಸದೆ ಓಡಿಸಿದರು. ಇವರ ಗಾಡಿ ಕ್ರಾಸಿಂಗಿನಲ್ಲೇ ನಿಂತಿತ್ತು. ಕೈ ಹೊರಗಿಟ್ಟುಕೊಂಡು ಕೂತಿದ್ದರು, ಯಾವ ಬೋಗಿ ನನ್ನದು ಎಂದು ಗೊತ್ತಾಗದೆ ಒಂದೊಂದೇ ಕಿಟಕಿ ಹುಡುಕುತ್ತಿದ್ದರು. ನಾನು ಕೂಗಿದೆ, ಕೇಳಿಸಲಿಲ್ಲ. ಬೆಳಿಗ್ಗೆ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ‘ನಿನ್ನೆ ನೀನು ಕಾಣಲೇ ಇಲ್ಲ’ ಅಂದರು. ಈಗಲಾದರೂ ಮೇಸ್ತ್ರಿಯನ್ನು ಕೇಳಿ ಅಂದೆ. ತಲೆ ತಗ್ಗಿಸಿ, ‘ಯಾರ ಹತ್ರಾನೂ ಏನೂ ಕೇಳಬೇಡ ಅಂತ ಅಮ್ಮ ಹೇಳಿದ್ದಾಳೆ’ ಅಂದರು. ಮಾವ ತೀರಿಕೊಂಡ ವರ್ಷ, ಯಾರದೋ ಮನೆ ಬಾಗಿಲಿಂದ ಬರಿಗೈಯಲ್ಲಿ ವಾಪಸ್ ಬರುವಾಗ ನೀವು ಹೇಳಿದ್ದಂತೆ. ಆಗ ಇವರು ನಿಮ್ಮ ಸೊಂಟದೆತ್ತರ ಇದ್ದರಂತೆ. ನೀವು ಹೇಳಿದ್ದು ತಪ್ಪಲ್ಲ ಅತ್ತೆ. ಆದರೆ ಅದನ್ನು ಇವತ್ತಿಗೂ ಮೀರಿಲ್ಲ ಇವರು, ನಾನು ಹೇಳಿದರೆ ಮೀರುವುದೂ ಇಲ್ಲ. ಕೇಳಬಹುದು ಮಗನೇ ಅಂತ ನಿಮ್ಮ ಬಾಯಿಂದಲೇ ಒಂದು ಸಲ ಹೇಳಿಬಿಡಿ.