ಅರ್ಧ ತುಂಡು ಮಿಠಾಯಿ

ಸಿಂಥಿಯಾನ, ಕೆಂಟಕಿ
ಮೇ 18

ನನ್ನ ಮುದ್ದು ಮರ್ಲಾ,

ನೀನು ಫೋನ್ ಕುಕ್ಕಿದ ರೀತಿ ನೋಡಿದರೆ ಇನ್ನೊಂದು ವಾರ ನನ್ನ ಕರೆ ಎತ್ತುವುದಿಲ್ಲ ಅಂತ ಗೊತ್ತಾಯಿತು. ಅದಕ್ಕೇ ಈ ಕಾಗದ. ಇದನ್ನು ನಡುವೆ ಕತ್ತರಿಸಿ ಮಾತಾಡಲು ಬರುವುದಿಲ್ಲ ನೋಡು.

"ಆ ಸಾಮಾನು ಮನೇಲಿರೋವರೆಗೂ ಟೆಸ್‌ನ ಕಳಿಸಲ್ಲ" ಅಂದೆ. ಪ್ರತಿ ಬೇಸಿಗೆ ರಜೆಗೂ ಬರುವ ಮೊಮ್ಮಗಳು ಈ ಸಲ ಬರದಿದ್ದರೆ ನಾನು ಸೊರಗಿ ಹೋಗುತ್ತೇನೆ. ಆದರೂ ನಿನ್ನ ಹೆದರಿಕೆ ಸುಳ್ಳಲ್ಲ. ಈಸ್ಟರ್ ದಿನ ನಿನ್ನಪ್ಪ ತಂಬಾಕಿನ ಕೊಟ್ಟಿಗೆಯಲ್ಲಿ ನೆಲ ಹಿಡಿದು ಕೂತು, "ವಿಲ್ಡಾ, ನನ್ನ ಕಾಲು ಎಲ್ಲಿಟ್ಟಿದ್ದೀಯೇ?" ಅಂತ ಕೇಳಿದ್ದನ್ನು ಕಣ್ಣಾರೆ ಕಂಡವಳು ನೀನು. ಆಂಬುಲೆನ್ಸ್ ಕರೆಸಿದವಳೂ ನೀನೇ.

ಅವತ್ತು ಕೆಟ್ಟದ್ದು ಅವರ ಜಂಬದಿಂದ. ಜೀವಮಾನವೆಲ್ಲ ತಂಬಾಕು ಬೆಳೆದು, ಆಮೇಲೆ ಗಾಂಜಾ ಜಾತಿಯದೇ ಆದರೂ ಅಮಲಿಲ್ಲದ ಹೆಂಪ್ ಗಿಡವನ್ನೂ ಬೆಳೆದವರಲ್ಲವೇ? ಬೆನ್ನುನೋವಿಗೆಂದು, ಪೇಟೆಯಲ್ಲಿ ಹೆಂಪ್ ಸರಕು ಮಾರುವ ಡ್ರೀಮಾಳ ಅಂಗಡಿಯಿಂದ ಹೆಂಪ್ ಹೂವಿನ ಪೊಟ್ಟಣ ತಂದರು. ಮೂಸಿ ನೋಡಿ, "ನಾನೇ ಬೆಳೆದ ಗಿಡ ನನಗೇನೇ ಮಾಡುತ್ತೆ? ಅಮಲು ಇಲ್ಲ ಅನ್ನುವಷ್ಟು ಕಮ್ಮಿ ಅಂತ ಲೇಬಲ್ಲೇ ಹೇಳುತ್ತೆ" ಅಂತ ಸಿಗರೇಟಿನ ಹಾಗೆ ಪೂರ್ತಿ ಸೇದಿಬಿಟ್ಟರು. ಆ ಹೂವಿನಲ್ಲಿದ್ದದ್ದು ಟಿಎಚ್‌ಸಿಎ. ಹಸಿಯಾಗಿರುವಾಗ ಸಾಧು, ಬೆಂಕಿ ತಾಗಿತೋ, ಗಾಂಜಾದ ಅಮಲೇ. ಲೇಬಲ್ ಹೇಳಿದ್ದು ಹಸಿ ಹೂವಿನ ಮಾತು.

ಆಮೇಲೆ ನಾನೇ ಡ್ರೀಮಾಳ ಮುಂದೆ ಕೂತು ಒಂದೊಂದನ್ನೂ ವಿಚಾರಿಸಿದೆ. ಡೆಲ್ಟಾ-9 ಅಂದರೆ ಗಾಂಜಾದ ಅಸಲಿ ಅಮಲು. ಎಷ್ಟು ತಿಂದರೆ ಏನಾಗುತ್ತದೆ ಅಂತ ಸುಮಾರಾಗಿ ತಿಳಿದಿದೆ. ಡೆಲ್ಟಾ-8 ಸ್ವಲ್ಪ ಮೆತ್ತಗೆ. ಆದರೆ ಗಿಡದಲ್ಲಿ ಅದು ಚಿಟಿಕೆಯಷ್ಟೂ ಸಿಗದು, ಹೆಂಪಿನ ಬೇರೊಂದು ಸಾರಕ್ಕೆ ಆಮ್ಲ ಹಾಕಿ ತಯಾರಿಸುತ್ತಾರೆ. ಸರಿಯಾಗಿ ಶುದ್ಧ ಮಾಡದಿದ್ದರೆ ಏನೇನೋ ಕಸ ಉಳಿಯುತ್ತದಂತೆ. ಅದೇ ಸಾಲಿನಲ್ಲಿಟ್ಟಿದ್ದ ಇನ್ನೊಂದು ಅಮಲು, ಎಚ್‌ಎಚ್‌ಸಿ, ಅದು ಹೇಗೆ ಅಂದರೆ, ಡ್ರೀಮಾ ದನಿ ತಗ್ಗಿಸಿ, "ಅದು ಯಾರಿಗೂ ಸರಿಯಾಗಿ ಗೊತ್ತಿಲ್ಲ ವಿಲ್ಡಕ್ಕ. ಮಾರ್ತೀನಿ, ಆದ್ರೆ ನಮ್ಮಮ್ಮಂಗೆ ಕೊಡಲ್ಲ" ಅಂದಳು. ಅಷ್ಟು ಸಾಕಾಯಿತು ನನಗೆ.

ತಂದದ್ದು ಅಂಗಡಿಯಲ್ಲೇ ಅತಿ ಕಡಿಮೆ ಬಲದ ಡೆಲ್ಟಾ-9 ಮಿಠಾಯಿ. ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯೂ ಪ್ರಯೋಗಾಲಯದ ವರದಿಯದೂ ಒಂದೇ ಅಂತ ಕನ್ನಡಕ ಹಾಕಿಕೊಂಡು ನೋಡಿದೆ. ಬೇರೆ ಮಾತ್ರೆಗಳ ಜೊತೆ ಹೊಂದುತ್ತದೆಯೇ ಅಂತ ಔಷಧದಂಗಡಿಯವನನ್ನೂ ಕೇಳಿದ್ದಾಯಿತು. ನಿನ್ನಪ್ಪ ತೆಗೆದುಕೊಳ್ಳುವುದು ಅರ್ಧ ತುಂಡು, ರಾತ್ರಿ ಊಟವಾದ ಮೇಲೆ. ಪರಿಣಾಮ ಕಾಣಲು ಎರಡು ಗಂಟೆಯಾದರೂ ಬೇಕು. ಏನೂ ಆಗಲಿಲ್ಲವೆಂದು ಇನ್ನೊಂದನ್ನು ಬಾಯಿಗೆ ಹಾಕುವವರೇ ಆಸ್ಪತ್ರೆ ಸೇರುವುದು. ಆ ರಾತ್ರಿ ಬರ್ಬನ್ ವಿಸ್ಕಿ ಇಲ್ಲ, ಗಾಡಿ ಓಡಿಸುವುದೂ ಇಲ್ಲ.

ಡಬ್ಬಿ ಇರುವುದು ಬಂದೂಕಿನ ಕಪಾಟಿನಲ್ಲಿ, ಬೀಗದೊಳಗೆ. ಅಲ್ಲಿ ನಾಲ್ಕು ಬಂದೂಕಿವೆ. ಅದಕ್ಕೆ ನೀನು ಎಂದಾದರೂ ಟೆಸ್‌ನ ತಡೆದದ್ದುಂಟಾ ತಾಯೀ?

ಫಲವಂತೂ ಕಾಣಿಸಿದೆ. ರಾತ್ರಿಯೆಲ್ಲ ಮಗ್ಗುಲು ಬದಲಿಸಿ ನರಳುವುದು ನಿಂತಿದೆ. ಹೋದ ಭಾನುವಾರ ಚರ್ಚಿನಲ್ಲಿ ಎಲ್ಲ ಹಾಡಿಗೂ ನಾನು ನಿಂತೇ ಇದ್ದೆ; ಪಕ್ಕದಲ್ಲಿ ಕೂರುವ ಮೇಬಲ್ ಬೆರಗಾಗಿ ನೋಡಿದಳು. ಒಂದು ಶನಿವಾರ ನೀನೇ ಬಾ. ಬೀನ್ಸ್ ಬೇಯಿಸಿ, ಜೋಳದ ರೊಟ್ಟಿ ಮಾಡಿಡುತ್ತೇನೆ. ಕಪಾಟು ನೋಡು, ನಮ್ಮನ್ನೂ ನೋಡು, ಆಮೇಲೆ ತೀರ್ಮಾನಿಸು.

ನಿನ್ನ ದಾರಿ ಕಾಯುವ,
ಅಮ್ಮ

ಇನ್ನೊಂದು ಮಾತು: ನಿನ್ನಪ್ಪ ಇದನ್ನು ಓದಿ, ಲಕೋಟೆ ಕಿತ್ತುಕೊಂಡು ಕೂತಿದ್ದಾರೆ. "ಈಸ್ಟರ್ ಆದ್ಮೇಲೆ ನಾನು ಅದನ್ನ ಮುಟ್ಟಿದ್ದೀನೇನೇ? ನಿಜ ಬರೀತೀಯೋ, ನಾನೇ ಬರೀಲೋ?" ಅನ್ನುತ್ತಿದ್ದಾರೆ. ಆ ಅರ್ಧ ತುಂಡು ನನ್ನದು ಮರ್ಲಾ. ನನ್ನ ಸೊಂಟದ ನೋವು ನಿನಗೆ ತಿಳಿದರೆ, ಅಮ್ಮ ಇನ್ನು ಹುಡುಗಿಯನ್ನು ನೋಡಿಕೊಳ್ಳಲಾರಳು ಅಂದುಕೊಳ್ಳುತ್ತೀಯೆಂದು ಹೆದರಿದ್ದೆ. ಟೆಸ್ ಇರುವಷ್ಟು ದಿನ ಅದನ್ನು ಮುಟ್ಟುವುದಿಲ್ಲ. ನಿದ್ದೆ ಬರದಿದ್ದರೆ ಬರದಿರಲಿ. ಪಕ್ಕದಲ್ಲಿ ಅವಳು ಮಲಗಿರುತ್ತಾಳಲ್ಲ, ನೋಡುತ್ತಾ ಬೆಳಗು ಮಾಡುತ್ತೇನೆ.