ಹದಿನಾಲ್ಕನೇ ಮನೆಯ ಬಾಗಿಲು

ಜೂನ್ 2, ಬೆಳಗ್ಗೆ

ಮತ್ತೆ ಗುಲಾಬಿ. ನಿನ್ನೆ ಇಡೀ ದಿನ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿದ ಬೀದಿಯನ್ನು ಗೇಮಿಗೆ ಇಂಪೋರ್ಟ್ ಮಾಡಿದರೆ ಗೋಡೆ, ಕಿಟಕಿ, ಮೆಟ್ಟಿಲು ಎಲ್ಲ ಕಣ್ಣು ಕುಕ್ಕುವ ಗುಲಾಬಿ. ಮೂವತ್ತೊಂದು ವರ್ಷ ನಾಟಕದ ಪರದೆ ಬರೆದವಳು, ಇಂಥ ಗುಲಾಬಿ ಕಲೆಸಿದ್ದೇ ಇಲ್ಲ. ಅಕ್ಕನ ಮಗಳಿಗೆ ಫೋನ್ ಮಾಡಿದೆ.

"ಚಿತ್ರಗಳ ಫೋಲ್ಡರ್ ಎಲ್ಲಿಗಾದ್ರೂ ಸರಿಸಿದ್ಯಾ ಚಿಕ್ಕಮ್ಮ?"

ಸರಿಸಿದ್ದೆ. ಅಚ್ಚುಕಟ್ಟಾಗಿರಲಿ ಎಂದು. ಚಿತ್ರ ಸಿಗದಿದ್ದರೆ ಕಂಪ್ಯೂಟರ್ ಹೀಗೆ ಗುಲಾಬಿ ಬಳಿದುಬಿಡುತ್ತದಂತೆ.

ಜೂನ್ 3

ಗುಲಾಬಿ ತೊಲಗಿತು. ಇವತ್ತು ನಾಲ್ಕು ಮನೆ.

ನಾಟಕ ಮಂದಿರಕ್ಕೆ ಎಲ್‌ಇಡಿ ಪರದೆ ಬಂದು ಎಂಟು ತಿಂಗಳು. ಅಂದಿನಿಂದ ಕುಂಚ ಮುಟ್ಟಿಲ್ಲ. ಅಕ್ಕನ ಮಗಳೂ ಅವಳ ಪಾರ್ಟ್‌ನರೂ ಮಾಡುತ್ತಿರುವ ಗೇಮಿಗೆ ಹಳೆಯ ಬೀದಿಯೊಂದು ಬೇಕು. ಹದಿಮೂರನೇ ತಾರೀಕಿಗೆ ನನ್ನದು ಒಪ್ಪಿಗೆಯಾಗದಿದ್ದರೆ ಪಾರ್ಟ್‌ನರ್ ರೆಡಿಮೇಡ್ ಬೀದಿ ತರುತ್ತಾನೆ. ಅವನಿಗೆ ಅವಸರಪ್ಪ ಎಂದು ಹೆಸರಿಟ್ಟಿದ್ದೇನೆ. ತರಲು ಬಿಡುವುದಿಲ್ಲ. ಈ ಕೆಲಸ ನನಗೆ ಬೇಕು... ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ.

ಜೂನ್ 8, ಮಧ್ಯಾಹ್ನ

ಹದಿನಾಲ್ಕು ಮನೆಯೂ ಮುಗಿದವು. ಬೀದಿ ಎಷ್ಟು ಉದ್ದ ಕಾಣುತ್ತಿದೆ ಎಂದರೆ ನನ್ನ ಕಣ್ಣೇ ತಾಗೀತು.

ಅದೇ ದಿನ, ಸಂಜೆ

ಅಕ್ಕನ ಮಗಳು ಬಂದು ಆಡಿದಳು. ಗೇಮಿನ ಮನುಷ್ಯ ಬೀದಿಯಲ್ಲಿ ನಡೆದ. ಮೊದಲ ಮನೆ ಸರಿ. ಐದನೆಯದಕ್ಕೆ ಬಾಗಿಲು ಅವನ ಭುಜಕ್ಕೆ ಬಂತು. ಹತ್ತನೆಯದಕ್ಕೆ ಸೊಂಟಕ್ಕೆ. ಹದಿನಾಲ್ಕನೆಯದು ಮೊಣಕಾಲಿಗೆ. ರಾಕ್ಷಸನ ಹಾಗೆ ನಿಂತ. ಅವಳು ತುಟಿ ಕಚ್ಚಿಕೊಂಡಳು.

"ಹಿಂದಿನ ಮನೆಗಳನ್ನ ಯಾಕೆ ಚಿಕ್ಕದು ಮಾಡಿದೆ ಚಿಕ್ಕಮ್ಮ?"

"ದೂರ ಇರೋದು ಚಿಕ್ಕದಾಗೇ ಅಲ್ವೇನೆ ಕಾಣೋದು?"

"ಅದನ್ನ ಗೇಮೇ ನೋಡ್ಕೊಳ್ಳುತ್ತೆ. ಆಡೋರು ಕೊನೇ ಮನೆವರೆಗೂ ನಡ್ಕೊಂಡು ಹೋಗ್ತಾರೆ."

ರಂಗದ ಮೇಲೆ ಹಿಂದಿನ ಮನೆಗಳ ಹತ್ತಿರ ಯಾವ ನಟನನ್ನೂ ಬಿಟ್ಟವಳಲ್ಲ. ಹೋದರೆ ಗುಟ್ಟು ರಟ್ಟು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಗಾದೆ. ಆ ಗಾದೆಯಿಂದಲೇ ನನ್ನ ಹೊಟ್ಟೆ ತುಂಬಿದ್ದು. ನಮ್ಮ ಮನೆಯವರು — ಅದೇ ಮಂದಿರದಲ್ಲಿ ಲೈಟು ನೋಡಿಕೊಳ್ಳುತ್ತಿದ್ದವರು — ಕೂತಲ್ಲಿಂದಲೇ ಹೇಳಿದರು: "ಇಷ್ಟು ವರ್ಷ ನೋಡೋರು ಕೂತಿದ್ರು ಕಣೆ. ಈಗ ಎದ್ದು ಬಂದಿದಾರೆ ಅಷ್ಟೆ."

ಸಿಟ್ಟು ಬಂತು. ಸರಿಯಾಗಿ ಹೇಳಿದರು ಎಂಬುದಕ್ಕೇ ಬಂತು.

ಜೂನ್ 9

ಬರೀ ಹಿಗ್ಗಿಸಿ ನೋಡಿದೆ. ಮೊಣಕಾಲುದ್ದದ ಬಾಗಿಲು ಆಳೆತ್ತರವಾದದ್ದೇ ತಡ, ಎರಡು ಗೀಟು, ಒಂದು ಕಲೆ ಬಿಟ್ಟರೆ ಏನಿಲ್ಲ. ಇಷ್ಟರಲ್ಲೇ ಮೂವತ್ತೊಂದು ವರ್ಷ ಜನರನ್ನು ನಂಬಿಸಿದ್ದೇನೆ. ಹತ್ತಿರದಿಂದ ಆ ಮನೆ ಹೇಗಿರುತ್ತದೆಂದು ಒಮ್ಮೆಯೂ ಯೋಚಿಸಿಲ್ಲ. ಹೆದರಿಕೆಯಾಯಿತು. ಉಳಿದಿರುವುದು ನಾಲ್ಕು ದಿನ.

ಎರಡನೇ ಮನೆಯಿಂದ ಹದಿನಾಲ್ಕರವರೆಗೆ ಎಲ್ಲ ಅಳಿಸಿದೆ.

ಜೂನ್ 12

ಬೆಳಗ್ಗೆ ಬೀದಿ ಬೀದಿ ಅಲೆದು ಬಾಗಿಲು ನೋಡುವುದು, ಆಮೇಲೆ ಬರೆಯುವುದು. ಮೂಗು ತಾಗುವಷ್ಟು ಹತ್ತಿರದಿಂದ ನೋಡುವುದು. ಒಂದು ಕಡೆ ಮನೆಯಾಕೆ ಬಾಗಿಲು ತೆಗೆದು "ಯಾರು ಬೇಕಾಗಿತ್ತು?" ಎಂದಳು. "ನಿಮ್ಮ ಚಿಲಕ" ಎಂದೆ. ದಢಾರನೆ ಮುಚ್ಚಿದಳು.

ಬೀಗದ ಸುತ್ತ ಕೀಲಿ ಗೀಚಿದ ಗೆರೆ. ಕೈ ತಾಗುವಲ್ಲಿ ಮಾತ್ರ ಸವೆದ ಬಣ್ಣ. ನೆಲ ತೊಳೆದ ನೀರು ಕುಡಿದು ಊದಿದ ಕೆಳಹಲಗೆ. ಇದನ್ನೆಲ್ಲ ಮೊದಲೇ ಯಾಕೆ ನೋಡಲಿಲ್ಲ?

ಹದಿಮೂರು ಆದವು. ಬೆರಳು ಊದಿದೆ. ಇವರು ಬಿಸಿನೀರು ತಂದಿಟ್ಟು ಹೋದರು.

ಜೂನ್ 13, ಮಧ್ಯಾಹ್ನ

ಅಕ್ಕನ ಮಗಳ ಜೊತೆ ಅವಸರಪ್ಪ ಬಂದ. ನಿಂತೇ ಆಡಿದ. ಹದಿಮೂರು ಮನೆ ಓಡೋಡಿ ದಾಟಿಬಿಟ್ಟ. ಹದಿನಾಲ್ಕನೆಯದು ಮುಗಿದದ್ದು ಅವನು ಬರುವ ಅರ್ಧ ಗಂಟೆ ಮೊದಲು. ಅದರ ಮುಂದೆ ಗೇಮಿನ ಮನುಷ್ಯನನ್ನು ನಿಲ್ಲಿಸಿದ. ಕುರ್ಚಿ ಎಳೆದು ಕೂತ. ಬಾಗಿಲ ಹತ್ತಿರ ಹೋದ, ಹಿಂದೆ ಸರಿದ, ಮತ್ತೆ ಹೋದ. ಒಂದು ಕೀ ಒತ್ತಿದ. ಮತ್ತೆ ಒತ್ತಿದ.

"ಇದು ತೆಗೆಯಲ್ವಾ ಆಂಟಿ?"

"ಒಳಗೆ ಏನೂ ಇಲ್ಲಪ್ಪ. ಬರೀ ಮುಂಭಾಗ."

"ಹೌದಾ? ಯಾರೋ ಇದಾರೆ ಅನ್ಕೊಂಡೆ." ಅಕ್ಕನ ಮಗಳ ಕಡೆ ತಿರುಗಿ, "ರೆಡಿಮೇಡ್ ಬೇಡ ಬಿಡು" ಎಂದ.

ಅವಳು ನನ್ನ ಬೆನ್ನಿಗೊಂದು ಗುದ್ದಿದಳು. ಇನ್ನೂ ನೋಯುತ್ತಿದೆ. ನೋಯಲಿ.

ಸಂಜೆ, ಆರು

ಆ ಮನೆಗೆ ಒಳಗು ಮಾಡಬೇಕು. ಬೀದಿ ಪರದೆಯ ಮನೆಗೆ ಒಳಗು ಬರೆದ ಅಭ್ಯಾಸವೇ ಇಲ್ಲ. ಮೊದಲು ನೆಲ. ಆಮೇಲೆ ಗೋಡೆ. ಒಂದು ಕುರ್ಚಿ, ಪಕ್ಕಕ್ಕೆ ಸರಿದಿರುವುದು — ಯಾರೋ ಈಗಷ್ಟೇ ಎದ್ದಿದ್ದಾರೆ. ಬಾಗಿಲ ಕಡೆಗೇ ಬರುತ್ತಿದ್ದಾರೆ, ಇನ್ನೇನು...