ಗೆದ್ದವನ ಮೇಲೆ ಎಸೆದ ದಿಂಬು

ಸೆಪ್ಟೆಂಬರ್ 22, ಭಾನುವಾರ

ಮೈ ಇನ್ನೂ ಉರಿಯುತ್ತಿದೆ. ಇವನೂ ಒಬ್ಬ ಸುಮೋ ಮಹಾಮಲ್ಲನಂತೆ!

ಮಧ್ಯಾಹ್ನ ಸೊಂಟಕ್ಕೆ ಬಿಳಿ ಹಗ್ಗ ಬಿಗಿದು ದೇವರಂತೆ ಮೆರೆದ ಈ ಕುರೊಮಿನೆ. ಸಂಜೆ ಕೊನೆಯ ಕುಸ್ತಿಯಲ್ಲಿ ಕಣ ಶುದ್ಧವಾಗಲೆಂದು ಮುಷ್ಟಿ ತುಂಬ ಉಪ್ಪು ಎರಚಿದ. ಎದುರಾಳಿ ತಲೆ ತಗ್ಗಿಸಿ ನುಗ್ಗಿದ್ದೇ ತಡ, ಇವನು ಪಕ್ಕಕ್ಕೆ ಸರಿದುಬಿಟ್ಟ. ಆ ಪಾಪದವನು ಮುಗ್ಗರಿಸಿ ಮಣ್ಣು ಮುಕ್ಕಿದ. ಇವನಿಗೆ ಪ್ರಶಸ್ತಿ. ಥೂ! ಹಾಯಲು ಬಂದ ಎಮ್ಮೆಗೆ ದಾರಿ ಬಿಡುವವನೂ ಇದಕ್ಕಿಂತ ಮರ್ಯಾದೆಯಿಂದ ಸರಿಯುತ್ತಾನೆ.

ಜನ ಚಪ್ಪಾಳೆ ತಟ್ಟಿದರು. ಈಗಿನವರಿಗೆ ಯಾರಾದರೂ ಹೇಗಾದರೂ ಗೆದ್ದರಾಯಿತು. ನಾನು ಕೂತಿದ್ದ ದಿಂಬನ್ನೇ ಎಳೆದು ಕಣದತ್ತ ಬೀಸಿದೆ.

ಸುಟ್ಟ ಕೋಳಿ ತಿನ್ನುತ್ತಿದ್ದ ನನ್ನ ಹೆಂಡತಿ ಕಿನುಎ ತೋಳು ಹಿಡಿದು ಜಗ್ಗಿದಳು. "ರೀ, ತಲೆ ಕೆಟ್ಟಿದ್ಯಾ ನಿಮಗೆ? ದಿಂಬು ಎಸೆಯೋದು ಮಹಾಮಲ್ಲ ಸೋತಾಗ. ಅವ್ನು ಗೆದ್ದಿದ್ದಾನೆ!"

"ಗೆದ್ನಾ? ನಂಗೆ ಸೋತ ಹಾಗೇ ಕಾಣಿಸ್ತು."

"ಪಾಪ, ಮಂಡಿ ನೋವಂತೆ ಕಣ್ರೀ."

"ನೋವಿದ್ರೆ ಮನೇಲಿ ಬಿದ್ಕೊಳ್ಲಿ. ಕಣಕ್ಕೆ ಬಂದ್ಮೇಲೆ ಎದೆ ಕೊಡ್ಬೇಕು."

ಅವಳು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡಳು. ನಾನು ಬರಿ ನೆಲದ ಮೇಲೆ ಕೂತೆ.

ಮುದಿ ತೋಳು. ದಿಂಬು ಕಣದವರೆಗೂ ಹೋಗಲಿಲ್ಲ. ಮೂರು ಸಾಲು ಮುಂದಿದ್ದ ದಡೂತಿಯೊಬ್ಬನ ಬೆನ್ನಿಗೆ ತಾಗಿ ಬಿತ್ತು. ಅವನು ಹಿಂತಿರುಗಿಯೂ ನೋಡಲಿಲ್ಲ. ಅದನ್ನೂ ಎಳೆದು ಕುಂಡೆಯ ಕೆಳಗೆ ಹಾಕಿಕೊಂಡು, ಈಗ ಇನ್ನಷ್ಟು ಎತ್ತರದಲ್ಲಿ ಕೂತು, ಚಪ್ಪಾಳೆ ಮುಂದುವರಿಸಿದ.